ಏಟಿಲ್ಲದ ಅಚ್ಚು

ತೂಕದ ಕಟ್ಟೆಯ ಆಫೀಸಿಗೆ ಹೊಸ ಪ್ರಿಂಟರು ಬಂದ ದಿನ ಎಲ್ಲರ ಮುಖವೂ ಅರಳಿತ್ತು, ಚೀಟಿಯಕ್ಕನದೊಂದು ಬಿಟ್ಟು. ಲಾರಿ ಕಟ್ಟೆ ಹತ್ತಿ ನಿಂತರೆ ತೂಕ ನೋಡಿ ಚೀಟಿ ಕೊಡುವವಳು ಅವಳು; ಹಾಗಾಗಿ ಡ್ರೈವರುಗಳ ಬಾಯಲ್ಲಿ ಚೀಟಿಯಕ್ಕ. ಗಂಡ ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ಕೂತವಳಿಗೆ ಅಲ್ಲೇ ತಲೆ ನರೆಯತೊಡಗಿತ್ತು.

ಹಳೆಯ ಪ್ರಿಂಟರಿನದು ದೊಡ್ಡ ಬಾಯಿ. ಅದರ ತಲೆಯೊಳಗಿನ ಸೂಜಿಗಳು ರಿಬ್ಬನ್ನಿನ ಮೇಲೆ ಕುಟ್ಟಿ ಕುಟ್ಟಿ ಅಕ್ಷರ ಮೂಡಿಸುವಾಗ ಮೇಜೇ ನಡುಗುತ್ತಿತ್ತು. ಆಗಾಗ ಒಂದು ಸೂಜಿ ಸಿಕ್ಕಿಕೊಂಡು, ಅಕ್ಷರಗಳ ನಡುವೆ ಬಿಳಿಗೆರೆ ಬೀಳುತ್ತಿತ್ತು. ಆಗ ರಿಪೇರಿಯವರು ಬರುತ್ತಿದ್ದರು. ಮಾತು ಕಡಿಮೆಯ ಮನುಷ್ಯ, ಒಂಟಿ ಜೀವ. ಸೂಜಿಗಳನ್ನು ತೊಳೆದು ಒರೆಸಿ, ಸರಿಯಾಯಿತೋ ಇಲ್ಲವೋ ಎಂದು ಪುಟಗಟ್ಟಲೆ ಹೊಡೆಸಿ ನೋಡುತ್ತಿದ್ದರು. ಆ ಗದ್ದಲದಲ್ಲಿ ಯಾರೂ ಮಾತಾಡಬೇಕಾಗಿರಲಿಲ್ಲ. ಅವಳು ಕಣ್ತುಂಬ ನೋಡುತ್ತಿದ್ದಳು: ಮಸಿ ಹತ್ತಿದ ಬೆರಳು, ಕನ್ನಡಕ ಮೂಗಿನ ತುದಿಗೆ ಜಾರಿದರೂ ಪರಿವೆಯಿಲ್ಲದ ಮುಖ. ಅವರು ತಲೆಯೆತ್ತಿ ಒಮ್ಮೆ ನಕ್ಕರೆ ಅವಳಿಗೆ ಎಷ್ಟೋ ದಿನಕ್ಕೆ ಸಾಕಾಗುತ್ತಿತ್ತು.

ಹೊಸದು ಲೇಸರ್. ಅದು ಕುಟ್ಟುವುದಿಲ್ಲ, ಮಸಿಯ ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುತ್ತದೆ.

‘ಉಸಿರೇ ಬಿಡಲ್ಲ ನೋಡಮ್ಮ. ಇನ್ನು ರಿಪೇರಿಯವರನ್ನ ಕರೆಸೋ ತಾಪತ್ರಯ ಇಲ್ಲ’ ಎಂದರು ಮ್ಯಾನೇಜರು. ಅವಳು ಮೂಲೆ ಸೇರಿದ್ದ ಹಳೆಯದರತ್ತ ನೋಡಿದಳು. ಸೂಜಿಯೇ ಇಲ್ಲದ ಮಿಷನ್ನಿಗೆ ಅವರು ಯಾಕೆ ಬಂದಾರು?

ಅಷ್ಟರಲ್ಲಿ ಲಾರಿಯೊಂದು ಬಂತು. ಕಟ್ಟೆಯ ಚೀಟಿ ಮೂರು ಹಾಳೆಯದು. ಮೇಲಿನದು ಡ್ರೈವರಿಗೆ, ನಡುವಿನದು ಸರಕಿನ ಧಣಿಗೆ, ಕೊನೆಯದು ಆಫೀಸಿಗೆ. ಮೇಲೆ ಏಟು ಬಿದ್ದರೆ ಕೆಳಗಿನೆರಡಕ್ಕೂ ಅಕ್ಷರ ಇಳಿಯುವ ಕಾಗದ. ಅದನ್ನೇ ಹೊಸ ಮಿಷನ್ನಿಗೆ ತುರುಕಿದರು. ಮೇಲಿನ ಹಾಳೆ ಮುತ್ತು ಪೋಣಿಸಿದ ಹಾಗೆ ಬಂತು. ಕೆಳಗಿನೆರಡೂ ಬೋಳು.

‘ಏನಕ್ಕಾ ಇದು!’ ಎಂದ ದಪ್ಪ ಡ್ರೈವರು. ‘ಈ ಖಾಲಿ ಹಾಳೆ ಕೊಟ್ರೆ ಲಾರಿ ತುಂಬ ಗಾಳಿ ತುಂಬ್ಕೊಂಡು ಬಂದ್ಯೇನೋ ಅಂತಾರೆ ನಮ್ಮ ಧಣಿ!’

ಮ್ಯಾನೇಜರು ಹಣೆ ಚಚ್ಚಿಕೊಂಡರು. ‘ಕುಟ್ಟದೆ ಕೆಳಗೆ ಹೇಗಪ್ಪ ಇಳಿಯುತ್ತೆ? ನನಗ್ಯಾಕೆ ಹೊಳೀಲಿಲ್ಲ! ಹಳೇದನ್ನೇ ಈಚೆ ತೆಗೀರಿ. ರಿಪೇರಿಯವರಿಗೆ ಫೋನ್ ಮಾಡಮ್ಮ.’

ಹೊಟ್ಟೆಗೆ ಹಾಲು ಹುಯ್ದಂತಾಯಿತು ಅವಳಿಗೆ. ಫೋನು ಮಾಡಿ ಇಟ್ಟವಳೇ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ಕೂದಲು ನೇವರಿಸಿಕೊಂಡಳು.

ರಿಪೇರಿಯವರು ಬಂದರು. ಬೋಳು ಹಾಳೆ ನೋಡಿದರು, ಹೊಸ ಮಿಷನ್ನನ್ನೂ ನೋಡಿದರು.

‘ಹಳೇದೇ ಇರ್ಲಿ ಅಲ್ವಾ?’ ಮ್ಯಾನೇಜರು ಕೇಳಿದರು.

‘ಬೇಡ ಸರ್. ಅದಕ್ಕೆ ಬಿಡಿಭಾಗ ಸಿಗೋದೇ ಕಷ್ಟ. ಇದಕ್ಕೇ ಬಿಡಿ ಹಾಳೆ ಹಾಕಿ, ಒಂದೊಂದು ಚೀಟೀನೂ ಮೂರು ಸಲ ತೆಗೀರಿ. ಡ್ರೈವರು ಮೂರಕ್ಕೂ ಸಹಿ ಹಾಕಿದ್ರಾಯ್ತು.’

‘ಅಯ್ಯೋ ಪುಣ್ಯಾತ್ಮ, ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕಿಕೊಂಡೆಯಲ್ಲ’ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

ಮ್ಯಾನೇಜರು ಖುಷಿಯಾಗಿ ಹೊರಗೆ ಹೋದರು. ರಿಪೇರಿಯವರು ಒಂದು ಚೀಟಿ ತೆಗೆದು ತೋರಿಸಿದರು. ಮೂರು ಹಾಳೆಗಳು ಒಂದರ ಹಿಂದೊಂದು ಮೆತ್ತಗೆ ಜಾರಿ ಬಂದವು. ಕೋಣೆ ಗಪ್‌ಚಿಪ್. ಅವರು ಚೀಲ ಹೆಗಲಿಗೇರಿಸಿದರು.

‘ಹಾಗೆ ಹೇಳಿದ್ರೆ ನೀವು ಇಲ್ಲಿಗೆ ಬರೋದೇ ನಿಂತುಹೋಗುತ್ತೆ ಅಂತ ಗೊತ್ತಾಗ್ಲಿಲ್ವಾ?’ ಅವಳು ಕೇಳಿಯೇಬಿಟ್ಟಳು.

‘ಗೊತ್ತಿತ್ತು.’ ಅವರು ಬಾಗಿಲಲ್ಲೇ ನಿಂತರು. ‘ಸುಳ್ಳು ಹೇಳ್ಕೊಂಡು ಎಷ್ಟು ದಿನ ಬರ್ಲಿ?’

‘ಸುಮ್ನೆ ಬರಬಾರ್ದಾ?’

‘ಕೆಲಸ ಇಲ್ದೆ?’

‘ಕೆಲಸ ಇಲ್ದೆ.’

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವಳು ಕುರ್ಚಿ ಎಳೆದು ಹಾಕಿದಳು. ಅವರು ಕೂತರು, ಚೀಲವನ್ನು ಮಾತ್ರ ಈಗಲೋ ಆಗಲೋ ಎದ್ದು ಹೋಗುವವರಂತೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

‘ಏನು ಮಾತಾಡೋದು?’ ಎಂದರು.

ಇಷ್ಟು ವರ್ಷ ಗದ್ದಲದ ಮರೆಯಲ್ಲಿ ಬಚ್ಚಿಟ್ಟದ್ದು ಒಂದೇಟಿಗೆ ಬಾಯಿಗೆ ಬರುವುದೆಂತು?

ಹೊರಗೆ ಲಾರಿ ಹಾರ್ನು ಹೊಡೆಯಿತು. ‘ಅಕ್ಕಾ, ಚೀಟಿ!’

‘ಒಂದ್ನಿಮಿಷ ತಡಿಯಪ್ಪ!’ ಎಂದು ಅವಳು ಅತ್ತ ತಿರುಗದೆಯೇ ಕೂಗಿದಳು.