ಮಾವನ ಮುಂದೆ ನಿಂತ ಕ್ರಿಯಾಪದ

ಗುಡಗೇರಿಯ ಸುನೀತಾಳಿಗೆ ಸ್ಪ್ಯಾನಿಷ್ ಶಬ್ದಗಳೆಲ್ಲ ಬಾಯಿಪಾಠ. ಅವನ್ನು ಸಾಲಾಗಿ ಕೂಡಿಸುವುದೇ ಅಗದಿ ತಲೆಬೇನೆ. ಕನ್ನಡದಲ್ಲಿ ‘ರೈತ ರೊಟ್ಟಿ ತಿನ್ನುತ್ತಾನೆ’. ಆ ಪುಣ್ಯಾತ್ಮರ ಭಾಷೆಯಲ್ಲಿ ‘ರೈತ ತಿನ್ನುತ್ತಾನೆ ರೊಟ್ಟಿ’. ರೊಟ್ಟಿ ಬರುವ ಮೊದಲೇ ತಿನ್ನುವುದೆಂದರೆ ಏನನ್ನು, ಮಣ್ಣನ್ನೇ? ಇದೇ ತಪ್ಪಿಗೆ ಎರಡು ಸಲ ನಪಾಸಾಗಿದ್ದಳು. ಇಂದು ಸಂಜೆ ಫೋನಿನ ವಿಡಿಯೋದಲ್ಲಿ ಮತ್ತೆ ಮೌಖಿಕ ಪರೀಕ್ಷೆ. ಪಾಸಾದರೆ ಹುಬ್ಬಳ್ಳಿಯಲ್ಲಿ ಸ್ಪ್ಯಾನಿಷ್ ಕಲಿಸುವ ನೌಕರಿ, ಇಲ್ಲದಿದ್ದರೆ ಆ ಜಾಗ ಬೇರೆಯವರ ಪಾಲು.

ಕಡೆಗೆ ಮನೆಮಂದಿಯನ್ನೇ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದಳು. ಅಪ್ಪ ಪುಂಡಲೀಕ ರೈತ. ಅವ್ವ ಸಾವಂತ್ರೆವ್ವ ‘ತಿನ್ನುತ್ತಾನೆ’. ಅಜ್ಜ ಮಾಳಪ್ಪ ರೊಟ್ಟಿ. ಮೊಣಕಾಲು ನೋವೆಂದು ರೊಟ್ಟಿ ಕುರ್ಚಿಯ ಮೇಲೆ ಕೂತಿತ್ತು.

“ಅವ್ವಾ, ನೀ ನಡುವ ನಿಂದರು. ಅಪ್ಪನ ಹಿಂದ, ಅಜ್ಜನ ಮುಂದ.”

“ಏನ್ ಹುಡುಗೀಲೇ ನೀ! ಮಾವಗ ಬೆನ್ನ ತೋರಿಸಿ ನಿಂದರಲೇನು?” ಸಾವಂತ್ರೆವ್ವ ಸೆರಗು ಎಳೆದುಕೊಂಡು ಕುರ್ಚಿಯ ಹಿಂದೆ ಸರಿದಳು. ಸೊಸೆಯಾಗಿ ಬಂದಾಗಿನಿಂದ ಆಕೆ ಒಮ್ಮೆಯೂ ಹಾಗೆ ನಿಂತವಳಲ್ಲ. ವಾಕ್ಯ ಮತ್ತೆ ಅಚ್ಚಕನ್ನಡವಾಯಿತು.

“ಹಂಗಾರ ಅಜ್ಜಾ, ನೀನ ‘ತಿಂತಾನ’ ಆಗು.”

“ಒಲ್ಲೆವಾ! ನಾಳಿ ಸಂತ್ಯಾಗ ಎಲ್ಲಾರೂ ‘ತಿಂತಾನ ಬಂದ’ ಅಂತಾರ. ನನಗ ರೊಟ್ಟೀನ ಛಲೋ,” ಎಂದ ಮಾಳಪ್ಪ.

ಸಂಜೆಯಾಯಿತು. ರೈತ ಏನು ತಿನ್ನುತ್ತಾನೆಂದು ಪೂರ್ತಿ ವಾಕ್ಯದಲ್ಲಿ ಹೇಳುವಂತೆ ಫೋನಿನೊಳಗಿನ ಪರೀಕ್ಷಕಿ ಕೇಳಿದಳು. ಫೋನಿನ ಹಿಂದೆ, ಪರೀಕ್ಷಕಿಗೆ ಕಾಣದ ಹಾಗೆ, ಮನೆಮಂದಿ ಅದೇ ಸಾಲಿನಲ್ಲಿದ್ದರು. “ಎಲ್ ಕಾಂಪೆಸಿನೋ...” ಎಂದು ಸುನೀತಾ ಸಾಲು ನೋಡಿದಳು. ಅಪ್ಪ, ಅಜ್ಜ, ಅವ್ವ. “ಪಾನ್...” ಎಂದುಬಿಟ್ಟಳು. ರೈತ ರೊಟ್ಟಿ! ಪರೀಕ್ಷಕಿಯ ನಗು ಮಾಸಿತು. ಇನ್ನೊಂದೇ ಸಲ ಹೇಳಿ ನೋಡು ಎಂದಳು. ಸುನೀತಾಳ ಕಣ್ಣು ತುಂಬಿತು.

ಅದನ್ನು ಕಂಡು ಸಾವಂತ್ರೆವ್ವನಿಗೆ ತಡೆಯಲಾಗಲಿಲ್ಲ. “ಸರೀರಿ ಮಾವಾರ, ಸುಡ್ಲಿ ಆ ಪದ್ಧತಿ, ಹುಡುಗಿ ನೌಕರಿ ಹೊಂಟೈತಿ!” ಎಂದವಳೇ ಕುರ್ಚಿಯನ್ನು ಮಾವನ ಸಮೇತ ಹಿಂದಕ್ಕೆ ಜಗ್ಗಿ, ಬೆನ್ನು ತೋರಿಸಿ ನಡುವೆ ನಿಂತಳು.

“ಎಲ್ ಕಾಂಪೆಸಿನೋ ಕೋಮೆ ಪಾನ್!” ಸುನೀತಾ ಕೂಗಿಯೇಬಿಟ್ಟಳು. ಪರೀಕ್ಷಕಿ ಅಲ್ಲೇ ಪಾಸೆಂದಳು.

ಮಾಳಪ್ಪ ಸೊಸೆಯ ಬೆನ್ನನ್ನು ಪಿಳಿಪಿಳಿ ನೋಡಿದ. “ಮುಗೀತಲ್ಲವಾ, ಇನ್ನರ ಹಿಂದ ಸರೀತಿಯೇನು?”

“ತಡೀರಿ ಮಾವಾರ.” ಸಾವಂತ್ರೆವ್ವ ತಿರುಗಲೇ ಇಲ್ಲ. “ಇಲ್ಲಿ ಫ್ಯಾನಿನ ಗಾಳಿ ಇಷ್ಟ ಛಲೋ ಬರತೈತಿ ಅಂತ ನನಗ ಯಾರೂ ಹೇಳಿದ್ದಿಲ್ಲ.”