ಬಿಲ್ಲಿಗೆ ಬರದ ಷರಾ

ಹಿಮಾಯತ್‌ನಗರದ ಆ ಹಳೆಯ ಮನೆ ವಕೀಲರ ಕಚೇರಿಯಾಗಿ ಮೂವತ್ತೆಂಟು ವರ್ಷವಾಗಿತ್ತು. ಒಂದು ಕಾಲಕ್ಕೆ ಅಡುಗೆಮನೆಯಾಗಿದ್ದ ಕೋಣೆಯಲ್ಲಿ ಈಗ ಬಿಲ್ಲಿನ ಸರ್ವರ್ ಇತ್ತು. ಅದು ಬಿಸಿಯಾಗದಿರಲೆಂದು ಹಗಲಿಡೀ ಏಸಿ ಓಡುತ್ತಿತ್ತು. ಕಿಟಕಿಗೆ ಹಸಿರು ಗಾಜು ಇದ್ದುದರಿಂದ ಕೋಣೆಯ ಬೆಳಕು ಬಾವಿಯೊಳಗಿನ ಬೆಳಕಿನಂತಿತ್ತು. ಹೊರಗೆ ಸೀರೆ ಅಂಗಡಿಗಳ ಮುಂದೆ ಆಟೋಗಳು ಎಷ್ಟೇ ಹಾರ್ನ್ ಹೊಡೆದರೂ ಒಳಗೆ ಕೇಳುತ್ತಿದ್ದದ್ದು ಆ ಯಂತ್ರದ ಗುಂಯ್ ಎನ್ನುವ ಸದ್ದು ಮಾತ್ರ. ಆಫೀಸ್ ಮ್ಯಾನೇಜರ್ ಪ್ರಿಯಂವದಾ ಮಧ್ಯಾಹ್ನದ ಡಬ್ಬಿಯನ್ನು ಶಾಲು ಹೊದ್ದು ಅಲ್ಲೇ ಕೂತು ಉಣ್ಣುತ್ತಿದ್ದಳು. ಉಂಡ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿದರೆ ತಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು.

ಆ ಜೂನ್‌ನಲ್ಲಿ ಸರ್ವರ್ ಎರಡು ಸಲ ತಾನಾಗಿ ನಿಂತುಹೋಯಿತು. ಪ್ರೋಗ್ರಾಂ ಮಾಡಿಕೊಟ್ಟ ಕಂಪನಿ ಎಂದೋ ಬಾಗಿಲು ಮುಚ್ಚಿತ್ತು. ಕಚೇರಿ ನಡೆಸುತ್ತಿದ್ದ ವಕೀಲೆ ಉಷಾ ಒಂದು ಬೆಳಿಗ್ಗೆ ಪ್ರಿಯಂವದಾಳನ್ನು ಕರೆದಳು.

"ಇನ್ನ ಇದನ್ನ ದೂಡಾಕ ಆಗಂಗಿಲ್ಲರಿ. ಒಂದೋ ಹೊಸಾ ಸರ್ವರ್ ತಂದು ಇಲ್ಲೇ ಇಡೋದು, ಇಲ್ಲಾ ಎಲ್ಲಾ ಕ್ಲೌಡ್‌ಗೆ ಹಾಕೋದು. ಎರಡೂ ಕಂಪನಿಯವರನ್ನ ಕರದು ಮಾತಾಡ್ರಿ. ಶುಕ್ರವಾರದೊಳಗ ಯಾವುದು ಅಂತ ನೀವ ಬರದು ಕೊಡ್ರಿ."

"ನಾನೇನ್ರಿ ಮೇಡಂ?"

"ಹದಿಮೂರು ವರ್ಷದಿಂದ ಬಿಲ್ ನೋಡಾಕತ್ತವರು ನೀವು. ಮತ್ಯಾರು ಹೇಳಬೇಕು?"

ಇಲ್ಲೇ ಇಡುವ ಸರ್ವರಿನವನು ಬಂದು, ಗೋಡೆ ತಟ್ಟಿ ನೋಡಿ, "ನಿಮ್ಮ ವಸ್ತು ನಿಮ್ಮ ಮನೆಯಲ್ಲಿ" ಎಂದು ಹಿಂದಿಯಲ್ಲಿ ಹೇಳಿ ಹೋದ. ಕ್ಲೌಡಿನ ಕಂಪನಿ ಊರಿನ ಇನ್ನೊಂದು ತುದಿಯ ಮಣಿಕೊಂಡದಲ್ಲಿತ್ತು. ಅಲ್ಲಿಂದ ಬಂದ ಹುಡುಗಿಯ ಹೆಸರು ನಿರೀಕ್ಷಾ. ಅವಳ ತಂದೆ ತುಮಕೂರಿನಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದವರು. ಪ್ರಿಯಂವದಾ ಫೋನಿನಲ್ಲಿ ಮಗಳೊಂದಿಗೆ ಆಡಿದ ಮಾತು ಕಿವಿಗೆ ಬಿದ್ದದ್ದೇ ಹುಡುಗಿ ತೆಲುಗು ಬಿಟ್ಟು ಕನ್ನಡಕ್ಕೆ ಬಂದಳು.

"ಆಂಟಿ, ನಿಮ್ ಜೂನಿಯರ್ಸ್ ಕೋರ್ಟಿಂದ ವಾಪಸ್ ಬರೋ ದಾರೀಲೇ ಫೋನಲ್ಲಿ ಟೈಮ್ ಹಾಕ್ಬಹುದು. ಕರೆಂಟ್ ಹೋದ್ರೂ ಚಿಂತೆ ಇಲ್ಲ. ಹಳೇ ಡೇಟಾ ಎಲ್ಲಾ ಒಂದು ಶೀಟಲ್ಲಿ ತೆಗೆದಿದೀನಿ. ಒಂದೇ ಒಂದು ಕಾಲಂ ಏನೂಂತ ಗೊತ್ತಾಗ್ತಿಲ್ಲ. ಇಂಗ್ಲಿಷ್ ಅಕ್ಷರ ಇದೆ, ಆದ್ರೆ ಇಂಗ್ಲಿಷ್ ಅಲ್ಲ. ಅದು ಬೇಕೋ ಬೇಡ್ವೋ ನೀವೇ ನೋಡಿ ಹೇಳಿ."

ಆ ಕಚೇರಿಯಲ್ಲಿ ವಕೀಲರು ತಮ್ಮ ಹೊತ್ತನ್ನು ಆರಾರು ನಿಮಿಷದ ತುಂಡುಗಳಾಗಿ ಬರೆಯುತ್ತಿದ್ದರು. ಯಾವ ಕೇಸು, ಏನು ಕೆಲಸ, ಎಷ್ಟು ತುಂಡು. ಬಿಲ್ಲಿನಲ್ಲಿ ಅಚ್ಚಾಗುತ್ತಿದ್ದದ್ದು ಅಷ್ಟೇ. ಅದರಾಚೆಗೆ ಷರಾ ಎಂಬ ಒಂದು ಕಾಲಂ ಇತ್ತು. ಬರೆದವರಿಗೆ ಬಿಟ್ಟು ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ಪ್ರಿಯಂವದಾಳಿಗೂ ಕಂಡಿರಲಿಲ್ಲ. ಉಳಿದ ವಕೀಲರು ಅದನ್ನು ಖಾಲಿ ಬಿಟ್ಟಿದ್ದರು. ತುಂಬಿಸಿದವರು ಒಬ್ಬರೇ, ಉಷಾಳ ತಂದೆ ಹನುಮಂತರಾಯರು. ರಾಯಚೂರಿನಿಂದ ಬಂದು ಈ ಕಚೇರಿ ಕಟ್ಟಿದವರು. ಈಗ ಎಪ್ಪತ್ತೊಂಬತ್ತು ವರ್ಷ. ಕೋರ್ಟಿಗೆ ಹೋಗುವುದು ಬಿಟ್ಟಿದ್ದರೂ ದಿನಾ ಹನ್ನೊಂದಕ್ಕೆ ಬಂದು ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು.

ಪ್ರಿಯಂವದಾ ಊಟದ ಡಬ್ಬಿ ಬದಿಗಿಟ್ಟು ಆ ಕಾಲಂ ಓದತೊಡಗಿದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅದು. ಮೊದಮೊದಲು ಮನಸ್ಸಿನಲ್ಲೇ ಉಚ್ಚರಿಸಿ ನೋಡಬೇಕಾಗುತ್ತಿತ್ತು. ಆಮೇಲೆ ರಾಯರ ದನಿಯೇ ಕೇಳತೊಡಗಿತು.

'ವಾಯಿದೆ ಮುಂದೆ ಹೋಯಿತೆಂದು ಹೇಳಿದೆ. ಮುದುಕ ನಕ್ಕ. ಬಾಳೆಹಣ್ಣು ಕೊಟ್ಟ. 12 ನಿಮಿಷ. ಬಿಲ್ ಬೇಡ.'

'ಅಣ್ಣ ತಮ್ಮ ಇಬ್ಬರೂ ಒಂದೇ ಆಟೋದಲ್ಲಿ ಬಂದರು, ಪರಸ್ಪರ ದಾವೆ ಹೂಡಲಿಕ್ಕೆ. 30 ನಿಮಿಷ.'

'ಫೋನ್ ಬಂತು. ಆ ಕಡೆ ಯಾರೂ ಮಾತಾಡಲಿಲ್ಲ. ಯಾರೆಂದು ಗೊತ್ತಾಯಿತು. ಇಡಲಿಲ್ಲ. 18 ನಿಮಿಷ. ಬಿಲ್ ಬೇಡ.'

ಅಂದು ಅವಳು ಎದ್ದಾಗ ನಾಲ್ಕೂವರೆ. ಮರುದಿನವೂ ಓದಿದಳು. ಅದರ ಮರುದಿನವೂ. ಹಸಿರು ಬೆಳಕಿನಲ್ಲಿ ಹಳೆಯ ವರ್ಷಗಳ ಮಧ್ಯಾಹ್ನಗಳು ಒಂದರ ಹಿಂದೊಂದು ಬಂದು ಎದುರಿನ ಕುರ್ಚಿಯಲ್ಲಿ ಕೂತು ಎದ್ದು ಹೋದವು. ಯಾರೋ ಅತ್ತರು, ಯಾರೋ ತಂದೆಯ ಗಡಿಯಾರ ಮರೆತು ಹೋದರು, ಯಾರೋ ಗೆದ್ದ ದಿನವೇ ಸುಸ್ತಾಗಿ ಸೋಫಾದ ಮೇಲೆ ಮಲಗಿಬಿಟ್ಟರು. ರಾಯರು ಅವರನ್ನು ಎಬ್ಬಿಸಿರಲಿಲ್ಲ. ಸಂಜೆ ನಾರಾಯಣಗುಡದಲ್ಲಿ ಮೆಟ್ರೋ ಹತ್ತಿದಾಗ ಎದುರು ಸಾಲಿನಲ್ಲಿ ಕೂತವರನ್ನೆಲ್ಲ ಅವಳು ಹಾಗೇ ನೋಡುತ್ತಿದ್ದಳು, ಇವರೂ ಅಲ್ಲಿ ಬಂದು ಹೋಗಿದ್ದಾರೇನೋ ಎಂಬಂತೆ. ಬುಧವಾರ ಮಿಯಾಪುರದ ರೈಲಿಗೆ ಬದಲಿಸಬೇಕಾದ ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೆ ನಿಂತೇ ಇದ್ದಳು. ಎರಡು ರೈಲು ಬಂದು ಹೋದದ್ದು ಗಮನಕ್ಕೆ ಬರಲಿಲ್ಲ.

ಗುರುವಾರ 2011ನೆಯ ಇಸವಿಗೆ ಬಂದಳು. ಅಲ್ಲಿ ಅವಳ ಹೆಸರೇ ಇತ್ತು.

ಈ ಕಚೇರಿಗೆ ಕೆಲಸಕ್ಕೆ ಸೇರುವ ಮೊದಲು ಅವಳು ಇಲ್ಲಿಗೆ ಕಕ್ಷಿದಾರಳಾಗಿ ಬಂದವಳು. ಗಂಡ ಸೀತಾರಾಮ ಮನೆ ಬಿಟ್ಟು ಬೇರೊಬ್ಬಳ ಜೊತೆ ನಾಗಪುರದಲ್ಲಿ ಸಂಸಾರ ಹೂಡಿದ್ದ. ಆಗ ಮಗಳು ಕೃಪಾ ಎಂಟು ವರ್ಷದವಳು. ವಿಚ್ಛೇದನದ ಅರ್ಜಿ ಹಾಕಲು ಬಂದ ಮೊದಲ ದಿನ ಪ್ರಿಯಂವದಾಳಿಗೆ ಚೆನ್ನಾಗಿ ನೆನಪಿತ್ತು. ಅದೇ ಅವಳ ಬದುಕನ್ನು ತಿರುಗಿಸಿದ ದಿನ. ಅದುವರೆಗೆ ತಾಯಿಗೂ ಹೇಳದಿದ್ದ ಮಾತುಗಳನ್ನು, ಹನ್ನೊಂದು ವರ್ಷದ ಸಂಸಾರದ್ದನ್ನು, ತಡೆಯಿಲ್ಲದೆ ಆಡಿದ್ದಳು. ಗಂಟಲು ಒಣಗಿತ್ತು. ಮನೆಗೆ ಹೋಗುವಾಗ ಮೈ ಹಗುರಾಗಿ, ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ.

ಷರಾದಲ್ಲಿ ಹೀಗಿತ್ತು: 'ಪ್ರಿಯಂವದಾಬಾಯಿ, ಮೊದಲ ಭೇಟಿ. ಏನೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಕಿಟಕಿಯಾಚೆ ಕಾಗದದ ಹೂವಿನ ಬಳ್ಳಿ ನೋಡುತ್ತ ಕೂತೆವು. ಎದ್ದಾಗ, ಎಲ್ಲಾ ಹೇಳಿಬಿಟ್ಟೆ ನೋಡ್ರಿ, ಭಾಳ ಹಗುರ ಆತು ಅಂದರು. ಹೌದ್ರಿ ಅಂದೆ. 1 ಗಂಟೆ 54 ನಿಮಿಷ. ಬಿಲ್ ಬೇಡ.'

ಅವಳು ಮತ್ತೆ ಓದಿದಳು. ಕೆಳಗಿನ ಸಾಲು ಎಂಟು ದಿನದ ಮೇಲಿನದು: 'ಪ್ರಿಯಂವದಾಬಾಯಿ. ಸಂಗತಿಯೆಲ್ಲ ಹೇಳಿದರು. ಅರ್ಜಿ ಬರೆಯಬಹುದು. 48 ನಿಮಿಷ.'

ಆ ಎರಡನೆಯ ಭೇಟಿ ಅವಳಿಗೆ ನೆನಪೇ ಇರಲಿಲ್ಲ.

ಮುಂದಿನ ಕೋಣೆಯಲ್ಲಿ ರಾಯರು ಕನ್ನಡಕ ತೆಗೆದು ಕೂತಿದ್ದರು. ಅವಳು ಬಂದು ಎದುರಿಗೆ ನಿಂತಳು. ಷರಾ ಕಾಲಂ ಸಿಕ್ಕಿದ್ದನ್ನು, ಮೂರು ದಿನದಿಂದ ಓದುತ್ತಿರುವುದನ್ನು ಹೇಳಿದಳು. ರಾಯರ ಮುಖ ಸ್ವಲ್ಪ ಕೆಂಪಾಯಿತು.

"ಅದು ಇನ್ನೂ ಐತೇನ್ರಿ?"

"ಎಲ್ಲಾ ಐತ್ರಿ ರಾಯರ. ನಂದೂ ಐತಿ. ನಾ ಅವತ್ತ ಏನೂ ಮಾತಾಡಲಿಲ್ಲ ಅಂತ ಬರದೀರಿ."

ಅವರು ತೆಗೆದಿಟ್ಟ ಕನ್ನಡಕವನ್ನು ಎತ್ತಿ ಹಾಕಿಕೊಂಡರು. "ಬರದೀನಿ ಅಂದ್ರ ಹಂಗ ಇದ್ದಿರಬೇಕು."

"ಆದ್ರ ನಂಗ ನೆನಪೈತಿ. ನನ್ನ ದನಿ ನಂಗ ಇನ್ನೂ ಕೇಳ್ತೈತಿ. ನಡುವ ನೀರು ಸಹಿತ ಕೇಳಿದ್ನಿ."

"ಹಂಗಾದ್ರ ಮಾತಾಡಿದ್ರಿ ಅಂತನ ತಿಳೀರಿ. ನಾ ಬರಕೊಂಡದ್ದು ನನ್ನ ಕಿವಿಗೆ ಬಿದ್ದದ್ದು ಅಷ್ಟ."

ಪ್ರಿಯಂವದಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಸಿಟ್ಟಲ್ಲ, ದುಃಖವೂ ಅಲ್ಲ. ತಾನು ವರ್ಷಗಟ್ಟಲೆ ಇದ್ದ ಮನೆಯಲ್ಲಿ ನೋಡಿರದ ಒಂದು ಕೋಣೆಗೆ ಕಾಲಿಟ್ಟಂತಿತ್ತು.

"ಅದಕ್ಕ ನಾ ಸರ್ವರ್ ಇಲ್ಲೇ ಇರ್ಲಿ ಅಂತ ಬರದು ಕೊಡಾಕತ್ತೀನ್ರಿ," ಎಂದಳು. "ಇವನ್ನೆಲ್ಲಾ ಯಾವ ಊರಿನ ಯಾವ ಮಷೀನಿಗೆ ಕಳಸೋದು? ಈ ಮನ್ಯಾಗ ಇರ್ಲಿ."

ರಾಯರು ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ಮಂದಿ ನಂಬಿ ನನ್ನ ಮುಂದ ಅತ್ತದ್ದು. ಅಲ್ಲೂ ಇರಬಾರದು, ಇಲ್ಲೂ ಇರಬಾರದು. ನಾ ಬರೀಲೇಬಾರದಿತ್ತು, ಆದ್ರ ಮರತಬಿಡ್ತೀನಿ ಅಂತ ಅಂಜಿಕಿ ಇತ್ತು. ಈಗ ಮರತ್ರ ಏನಾತು, ಅವರೊಳಗ ಅರ್ಧ ಮಂದಿ ಇಲ್ಲ. ಅಳಿಸಿಬಿಡ್ರಿ. ನಮ್ಮ ತಾಸು ನಿಮಿಷ ಎಲ್ಲಿ ಇದ್ದರೂ ನಡೀತೈತಿ. ಹುಡುಗರಿಗೆ ಯಾವುದು ಅನುಕೂಲ ಅದನ್ನ ತಗೋರಿ."

ಅವಳು ಬಾಗಿಲ ತನಕ ಹೋಗಿ ತಿರುಗಿ ನೋಡಿದಳು.

"ನಿಮ್ಮದನ್ನ ನೀವು ಒಯ್ರಿ," ಎಂದರು ರಾಯರು. "ಕೇಸ್ ಮುಗದ ಮ್ಯಾಲ ಕಕ್ಷಿದಾರರ ಕಾಗದ ಕಕ್ಷಿದಾರರಿಗೆ. ಅದು ನಮ್ಮ ರಿವಾಜು."

ಶುಕ್ರವಾರ ಅವಳು ಉಷಾಳಿಗೆ ಒಂದೂವರೆ ಪುಟ ಬರೆದು ಕೊಟ್ಟಳು. ಕ್ಲೌಡ್ ಆಗಬಹುದು, ಡೇಟಾ ಕಳಿಸುವ ಮುಂಚೆ ಷರಾ ಕಾಲಂ ಪೂರ್ತಿ ಅಳಿಸತಕ್ಕದ್ದು, ಬ್ಯಾಕಪ್ಪಿನಿಂದಲೂ. ಉಷಾ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಅಪ್ಪ ಏನೇನೋ ಬರದಾರಂತ. ನೀವು ಓದೀರಿ?"

"ಓದೀನ್ರಿ."

"ನಾನು ಇದ್ದೀನೇನ್ರಿ ಅದರಾಗ?"

ಪ್ರಿಯಂವದಾ ಸುಳ್ಳು ಹೇಳಲಿಲ್ಲ. "ನೀವು ಮೊದಲ ಕೇಸ್ ಸೋತ ದಿನ ಐತ್ರಿ ಮೇಡಂ."

ಉಷಾ ಕಿಟಕಿಯ ಕಡೆ ತಿರುಗಿದಳು. ಓದುತ್ತೇನೆ ಎನ್ನಬಹುದಿತ್ತು, ಕಚೇರಿ ಅವಳದೇ. "ಬ್ಯಾಡ ಬಿಡ್ರಿ. ಆ ದಿನ ಅಪ್ಪ ಹೊರಗ ಕಾರಿನ್ಯಾಗ ಕಾಯಾಕತ್ತಿದ್ರು. ಅಷ್ಟ ಸಾಕು," ಎಂದು ಸಹಿ ಹಾಕಿದಳು.

ಅಳಿಸುವ ಕೆಲಸಕ್ಕೆ ನಿರೀಕ್ಷಾ ಬಂದಳು. ಪ್ರಿಯಂವದಾ ಮೊದಲು ತನ್ನ ಆ ಒಂದು ಸಾಲನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಮಡಚಿ ಚೀಲಕ್ಕೆ ಹಾಕಿದಳು. "ರೆಡಿನಾ ಆಂಟಿ? ಒಂದ್ಸಲ ಹೋದ್ರೆ ಮತ್ತೆ ಬರಲ್ಲ," ಎಂದು ಹುಡುಗಿ ಕೇಳಿದಳು. ಗುಂಡಿ ಒತ್ತಿದವಳು ಪ್ರಿಯಂವದಾಳೇ. ಪರದೆಯ ಮೇಲೆ ಸಾಲುಗಳು ಮೇಲಿಂದ ಕೆಳಕ್ಕೆ ಬೆಳ್ಳಗಾಗುತ್ತ ಹೋದವು, ಬೆಳಗಾಗುವಾಗ ಊರಿನ ಬೀದಿದೀಪ ಒಂದೊಂದೇ ಆರುವ ಹಾಗೆ.

ಮಿಯಾಪುರದ ಮನೆಯಲ್ಲಿ ಆ ರವಿವಾರ ಅವಳು ಕಾಗದವನ್ನು ಕೃಪಾಳಿಗೆ ತೋರಿಸಿದಳು. ಕೃಪಾ ಓದಿ, "ಮತ್ತ ಅವತ್ತ ನಿನ್ನ ಮನಸ್ಸಿನ್ಯಾಗ ಏನೇನ್ ಹೇಳಿದ್ದಿ ಅವ್ವಾ?" ಎಂದಳು. ಇಷ್ಟು ವರ್ಷ ಮಗಳು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಪ್ರಿಯಂವದಾ ಹುಳಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ, ಒಲೆ ಆರಿಸಿ, ನೆಲದ ಮೇಲೆ ಕೂತು ಹೇಳತೊಡಗಿದಳು. ಈ ಸಲ ತನ್ನ ದನಿ ತನ್ನ ಕಿವಿಗೆ ಬೇರೆ ಥರ ಕೇಳಿಸಿತು, ಒರಟಾಗಿ, ನಡುನಡುವೆ ತಡವರಿಸುತ್ತ. ಮಗಳು ಒಮ್ಮೊಮ್ಮೆ, "ಇದು ನಂಗ ಗೊತ್ತಿತ್ತು," ಎಂದಳು.

ಹೊಸ ಸಾಫ್ಟ್‌ವೇರ್ ಜುಲೈನಲ್ಲಿ ಶುರುವಾಯಿತು. ಮೊದಲ ವಾರವೇ ದೊಡ್ಡ ಮಳೆ ಬಂದು ಬೀದಿಯ ಕರೆಂಟ್ ಅರ್ಧ ದಿನ ಇರಲಿಲ್ಲ. ಜೂನಿಯರ್‌ಗಳು ಹೈಕೋರ್ಟಿನ ಕ್ಯಾಂಟೀನಿನಲ್ಲಿ ಕೂತೇ ತಮ್ಮ ಹೊತ್ತನ್ನು ಫೋನಿನಲ್ಲಿ ತುಂಬಿಸಿದರು. ಒಂದು ನಿಮಿಷವೂ ತಪ್ಪಲಿಲ್ಲ. ಉಷಾ ಪ್ರಿಯಂವದಾಳಿಗೆ, "ನೀವು ಆರಿಸಿದ್ದು ಚಲೋ ಆತ್ರಿ," ಎಂದಳು.

ರಾಯರಿಗೂ ಒಂದು ಲಾಗಿನ್ ಮಾಡಿಕೊಟ್ಟಿದ್ದರು. ಅವರು ಅದನ್ನು ಒಮ್ಮೆಯೂ ತೆರೆಯಲಿಲ್ಲ. ಎಂದಿನಂತೆ ಹನ್ನೊಂದಕ್ಕೆ ಬಂದು ಕೂರುತ್ತಿದ್ದರು. ಒಂದು ಮಧ್ಯಾಹ್ನ ಪ್ರಿಯಂವದಾ ತನ್ನ ಡಬ್ಬಿ ಹಿಡಿದು ಅವರ ಕೋಣೆಗೆ ಹೋದಳು.

"ಇಲ್ಲೇ ಕೂಡಲೇನ್ರಿ ರಾಯರ?"

"ಕೂಡ್ರಿ, ಕೂಡ್ರಿ. ಏನ್ ತಂದೀರಿ ಇವತ್ತ?"

ಅವಳು ಮುಚ್ಚಳ ತೆಗೆದು, ಮೆಂತ್ಯದ ಪಲ್ಯವನ್ನು ಅವರ ಕಡೆ ಸರಿಸಿದಳು.