ಮುಟ್ಟಿದಾಗ ಹೂಂ ಅನ್ನಿ

“ಕಣ್ಣು ಮುಚ್ಕೊಳ್ಳಿ ಅಮ್ಮ. ಈ ಎಳೆ ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ, ಅಷ್ಟೇ,” ಎಂದರು ಡಾಕ್ಟರ್ ಶರಣ್ಯ. ಅವರ ಕೈಯಲ್ಲಿ ಗಾಳದ ದಾರದಂಥ ಒಂದು ನೈಲಾನ್ ಎಳೆ ಇತ್ತು.

ಗಿರಿಜಾಂಬಾ ಕಣ್ಣು ಮುಚ್ಚಿದರು. ಚಾಮರಾಜಪೇಟೆಯ ಆ ಪುಟ್ಟ ಕ್ಲಿನಿಕ್ಕಿನ ಎತ್ತರದ ಮಂಚದ ಮೇಲೆ ಎರಡೂ ಕಾಲು ಚಾಚಿಕೊಂಡು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಗಂಡ ಚಿದಂಬರ, ಹೆಂಡತಿಯ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟವರು ಮದುವೆ ಸೀಸನ್ನಿನಲ್ಲಿ ಅಂಗಡಿ ಬಿಟ್ಟು ಬಂದಿದ್ದಾರೆ ಎಂದರೆ ಅವರಿಗೂ ಹೆದರಿಕೆ ಹತ್ತಿದೆ ಎಂದೇ ಅರ್ಥ.

ಮೊದಲ ಮೂರು ನಾಲ್ಕು ಸಲ ಮೊಣಕಾಲ ಕೆಳಗೆ, ಹಿಮ್ಮಡಿಯ ಮೇಲೆ, ಸೊಳ್ಳೆ ಕೂತಷ್ಟು ತಿಳಿಯಿತು. “ಹೂಂ,” ಎಂದರು. “ಹೂಂ.” ಆಮೇಲೆ ಏನೂ ಇಲ್ಲ.

ಅಕ್ಕ ಬಸವಮ್ಮ ಕಣ್ಣ ಮುಂದೆ ಬಂದಳು. ಅವಳೂ ಹೀಗೇ, “ಕಾಲು ಜೋಮು ಹಿಡಿದಿದೆ ಕಣೇ” ಎನ್ನುತ್ತಲೇ ಓಡಾಡಿಕೊಂಡಿದ್ದವಳು, ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗಾಲು ಇರಲಿಲ್ಲ. ಜೋಮು ಎಂದರೆ ಎಷ್ಟು ಬಡಪಾಯಿ ಮಾತು! ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೂ ಹಿಡಿಯುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ. ಗಿರಿಜಾಂಬಾ ತಮ್ಮ ಕಾಲಿಗೂ ಅದೇ ಹೆಸರಿಟ್ಟು ಒಂದು ವರ್ಷದಿಂದ ಸುಮ್ಮನಿದ್ದರು. ತಮಗಿರುವ ಶುಗರಿಗೂ ಈ ಜೋಮಿಗೂ ನಂಟಿದೆ ಎಂದು ತಿಳಿಯದಷ್ಟು ದಡ್ಡರೇನಲ್ಲ. ಆದರೆ ಕಾಲೇ ಹೋದರೆ ಭರತನಾಟ್ಯದ ಟೀಚರ್ ಏನು ಮಾಡಬೇಕು? ಮನೆಯ ಹಜಾರದಲ್ಲಿ ಅರ್ಧ ಪೇಟೆಯ ಹೆಣ್ಣುಮಕ್ಕಳಿಗೆ ಅಡವು ಹೇಳಿಕೊಟ್ಟವರು ಕುರ್ಚಿಯಲ್ಲಿ ಕೂತು ಬೆರಳಲ್ಲಿ ತೋರಿಸಬೇಕೇ?

ಆಗ ನೆರವಿಗೆ ಬಂದದ್ದು ತಾಳ. ಡಾಕ್ಟರ ಕೈಗೊಂದು ನಡೆ ಇದ್ದದ್ದು ಮೊದಲ ಆ ಮೂರು ನಾಲ್ಕು ಸಲದಲ್ಲೇ ತಿಳಿದಿತ್ತು. ಮುಟ್ಟು, ಬಿಡು, ಒಂದು ಉಸಿರು. ಮುಟ್ಟು, ಬಿಡು, ಒಂದು ಉಸಿರು. ವಿಳಂಬ ಕಾಲದ ಆದಿತಾಳಕ್ಕೆ ಸರಿಯಾಗಿ ಕೂರುವ ನಡೆ. ಅದನ್ನು ಹಿಡಿಯಲು ಅವರಿಗೆ ಪಾದ ಬೇಕಿರಲಿಲ್ಲ.

“ಹೂಂ,” ಎಂದರು. ಉಸಿರು ಬಿಟ್ಟು ಮತ್ತೆ, “ಹೂಂ.”

ಯಾರೂ ತಪ್ಪು ಎನ್ನಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯ ಹಾಗೆ ಒಂದಿಷ್ಟು ಧೈರ್ಯ ಬಂತು. ಎಲ್ಲೂ ಕಾಲ ತಪ್ಪದಂತೆ ಹೂಂಗುಟ್ಟುತ್ತ ಹೋದರು.

“ಅಮ್ಮ, ಕಣ್ಣು ಬಿಡಿ.”

ಡಾಕ್ಟರ ಎರಡೂ ಕೈ ಬಿಳಿ ಕೋಟಿನ ಜೇಬಿನಲ್ಲಿದ್ದವು. ಚಿದಂಬರ ಎದ್ದು ನಿಂತಿದ್ದರು.

“ನಾನು ಮುಟ್ಟೋದು ನಿಲ್ಲಿಸಿ ಆಗ್ಲೇ ಎಷ್ಟೊತ್ತಾಯ್ತು. ನೀವು ಹೂಂ ಅಂತಾನೇ ಇದೀರಿ.”

“ಗಿರಿಜಾ,” ಎಂದರು ಚಿದಂಬರ. ಅಷ್ಟು ವರ್ಷ ಹಜಾರದ ತಾಳ ಕೇಳುತ್ತಲೇ ಬಾಳಿದವರಿಗೆ ಗೊತ್ತಾಗದೆ ಇರುತ್ತದೆಯೇ? “ತಾಳ ಹಾಕ್ತಿದೀಯಾ ನೀನು?”

ಗಿರಿಜಾಂಬಾಗೆ ಅಳು ಒತ್ತರಿಸಿ ಬಂತು. “ಕಾಲು ತೆಗೀಬೇಕು ಅಂದ್ಬಿಡ್ತಾರೆ ಅಂತ ರೀ...”

“ಜೋಮು ಬಂತು ಅಂತ ಯಾರೂ ಕಾಲು ತೆಗೆಯಲ್ಲ ಅಮ್ಮ,” ಎಂದರು ಡಾಕ್ಟರ್. “ಮನೇಲಿ ಯಾರಿಗಾದ್ರೂ ಹಾಗಾಗಿತ್ತಾ?”

“ನಮ್ಮಕ್ಕಂಗೆ. ಚಪ್ಪಲಿ ಒಳಗೆ ಒಂದು ಸಣ್ಣ ಕಲ್ಲು ಸೇರ್ಕೊಂಡಿತ್ತಂತೆ. ದಿನವೆಲ್ಲ ಅದ್ರ ಮೇಲೇ ಓಡಾಡಿದಾಳೆ.”

“ನೋವಾಗಿದ್ರೆ ಚಪ್ಪಲಿ ಕೊಡವ್ತಿದ್ರು. ನೋವಾಗ್ಲಿಲ್ಲ, ಗಾಯಾನ ಯಾರೂ ನೋಡ್ಲೂ ಇಲ್ಲ. ನಾನು ಕೈ ನಿಲ್ಲಿಸದೇ ಹೋಗಿದ್ರೆ ಇವತ್ತು ನಿಮ್ಮನ್ನೂ ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಕಳಿಸ್ತಿದ್ದೆ.”

ಡಾಕ್ಟರ್ ಇನ್ನೊಂದು ಸಲ ಕಣ್ಣು ಮುಚ್ಚಿಸಿದರು. ಈ ಸಲ ಗಿರಿಜಾಂಬಾ ತಾಳ ಬಿಟ್ಟು ಕಾದರು. ಕಾಯುವುದು ಇಷ್ಟು ಭಯದ ಕೆಲಸ ಎಂದು ಅವರಿಗೆ ಗೊತ್ತಿರಲಿಲ್ಲ. ಹೊರಗೆ ಆಟೋಗಳ ಸದ್ದು, ಒಳಗೆ ಗಂಡನ ಉಸಿರು. ಹಿಮ್ಮಡಿಯ ಹತ್ತಿರ ಒಮ್ಮೆ, ಪಾದದ ಅಂಚಿನಲ್ಲಿ ಒಮ್ಮೆ ಹೂಂ ಎಂದರು. ಮತ್ತೆ ಹೂಂ ಎನ್ನುವಂಥದ್ದೇನೂ ತಿಳಿಯಲಿಲ್ಲ.

“ಮುಂಪಾದದ ನರ ಸೋತಿದೆ,” ಎಂದರು ಡಾಕ್ಟರ್. “ಹೋಗಿರೋದು ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಶುಗರ್ ಹಿಡಿತದಲ್ಲಿಟ್ಟರೆ ಇರೋದನ್ನ ಉಳಿಸ್ಕೋಬಹುದು. ಬೀಳದ ಹಾಗೆ ಗೋಡೆ ಹಿಡ್ಕೊಂಡು ಮಾಡೋ ವ್ಯಾಯಾಮ ಹೇಳ್ಕೊಡ್ತೀನಿ. ಪಾಠ ಮಾಡಿ, ಯಾರು ಬೇಡ ಅಂದ್ರು? ಬರಿಗಾಲು ಮಾತ್ರ ಬೇಡ.”

“ಬರಿಗಾಲಿಲ್ದೆ ಭರತನಾಟ್ಯಾನಾ ಡಾಕ್ಟ್ರೇ?”

ಡಾಕ್ಟರ್ ಚೀಟಿ ಬರೆಯತೊಡಗಿದರು. “ದಿನಾ ಅಂಗಾಲು ನೋಡ್ಬೇಕು, ಬೆರಳ ಸಂದಿ ಸಮೇತ. ನಿಮಗೆ ಬಗ್ಗಿ ನೋಡೋದು ಕಷ್ಟ. ಮನೇಲಿ ಯಾರಾದ್ರೂ ನೋಡ್ಲಿ,” ಎಂದಷ್ಟೇ ಹೇಳಿದರು.

ಸಂಜೆ ಪಾಠಕ್ಕೆ ರಜಾ ಹೇಳಿ ಗಿರಿಜಾಂಬಾ ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಚಿದಂಬರ ಒಳಗಿನಿಂದ ಮಣೆ ತಂದು ಎದುರಿಗೆ ಹಾಕಿಕೊಂಡು ಕೂತರು.

“ಕಾಲು ಕೊಡು.”

“ಶಿವ ಶಿವಾ, ಏಳಿ ಮೇಲೆ! ನನ್ನ ಕಾಲು ನೀವು ಹಿಡಿಯೋದಾ?” ಗಿರಿಜಾಂಬಾ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ಮಠದ ಸ್ವಾಮಿಗಳು ಮನೆಗೆ ಬಂದಾಗ ಪಾದಪೂಜೆಗೆ ಬಿಟ್ಟರೆ ಆ ಮನುಷ್ಯ ಯಾರ ಕಾಲ ಬುಡದಲ್ಲೂ ಕೂತವರಲ್ಲ. ಹಬ್ಬಹಬ್ಬಕ್ಕೂ ಗಂಡನ ಕಾಲಿಗೆ ಬೀಳುತ್ತ ಬಂದವರು ಗಿರಿಜಾಂಬಾ. ಯಾರಾದರೂ ನೋಡಿದರೆ ಏನೆಂದಾರು?

“ಸುಮ್ನೆ ಕೊಡೇ,” ಎಂದರು ಚಿದಂಬರ. “ನಂಗೆ ಭಯ ಆಗ್ತಿದೆ.”

ಗಂಡನ ಬಾಯಲ್ಲಿ ಆ ಮಾತನ್ನು ಗಿರಿಜಾಂಬಾ ಕೇಳಿದ್ದೇ ಇಲ್ಲ. ಬಲಗಾಲನ್ನು ಮೆಲ್ಲಗೆ ಮುಂದೆ ಚಾಚಿದರು.

ಚಿದಂಬರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಟ್ಯೂಬ್‌ಲೈಟಿನ ಬೆಳಕಿಗೆ ತಿರುಗಿಸಿದರು. ಲಗ್ನಪತ್ರಿಕೆಯ ಪ್ರೂಫ್ ನೋಡುವಾಗಿನಂತೆ ತುಟಿ ಅಲ್ಲಾಡಿಸುತ್ತ ಒಂದೊಂದೇ ಬೆರಳು ಬಿಡಿಸಿದರು. ಆಮೇಲೆ ಅವರ ಹೆಬ್ಬೆರಳು ಮುಂಪಾದದ ಮೇಲೆ ನಿಧಾನವಾಗಿ ಸರಿಯಿತು, ಅಲ್ಲೇ ನಿಂತಿತು. ಗಿರಿಜಾಂಬಾಗೆ ಅದೇನೂ ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಆ ಕೈ ಅಲ್ಲಿ ಇರುವುದಿಲ್ಲ. ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತ ಕೂತರು.